ನಾಲ್ಕು ಬೆರಳು

ತನ್ನ ಗಾಡಿ ಇಟ್ಟಲ್ಲೇ ಇದೆಯೋ ಇಲ್ಲವೋ ಎಂದು ನೋಡಲು ಬೆಳಗಾಗೆದ್ದು ಓಣಿಯ ಉದ್ದಕ್ಕೂ ನಡೆಯಬೇಕಲ್ಲ, ಅವನ ದಿನ ಕೆಡಲು ಅದೊಂದೇ ಸಾಕಿತ್ತು. ಮನೆ ಓಣಿಯ ಕಟ್ಟಕಡೆಯದು. ಕೆಳಗೆ ಅವನ ಸಂಸಾರ, ಮಹಡಿಯ ಮೇಲೆ ಅಣ್ಣನದು. ಗಾಡಿ ನಿಲ್ಲುತ್ತಿದ್ದದ್ದು ಮನೆಯ ಮಗ್ಗುಲಿಗೆ, ಅಣ್ಣ ಮಲಗುವ ಕೋಣೆಯ ಕಿಟಕಿಯ ನೇರ ಕೆಳಗೆ. ಈಗ ಅಲ್ಲಿ ಎಣ್ಣೆಯ ಕಪ್ಪು ಕಲೆ ಬಿಟ್ಟರೆ ಏನಿಲ್ಲ, ಆ ಕಲೆಯ ಮೇಲೂ ಅತ್ತಿಗೆ ಎರಡು ಹೂಕುಂಡ ತಂದಿಟ್ಟಿದ್ದಾರೆ. ಕುಂಡಗಳನ್ನು ಕಾಲಿನಿಂದ ಒದೆಯಬೇಕು ಅನ್ನಿಸಿತು. ಒದೆಯಲಿಲ್ಲ, ಬದಲಿಗೆ ಒಂದು ಒಣಗಿದ ಎಲೆಯನ್ನು ಕಿತ್ತು ಬಿಸಾಡಿ ಮುಂದೆ ಹೊರಟ. "ಏನು, ವಾಕಿಂಗ್ ಶುರುವಾಯ್ತಾ? ಒಳ್ಳೇದು ಬಿಡಿ, ನಮ್ಮ ವಯಸ್ಸಿಗೆ ಬೇಕೇ ಬೇಕು," ಎಂದರು ಮೂಲೆಮನೆಯ ನಿವೃತ್ತ ಬ್ಯಾಂಕಿನವರು, ಗೇಟಿನ ಮೇಲೆ ಮೊಣಕೈಯೂರಿ. ನಮ್ಮ ವಯಸ್ಸಂತೆ! ಅವರಿಗಿಂತ ಎಷ್ಟು ಚಿಕ್ಕವನು ತಾನು. ಮುಖಕ್ಕೆ ಹೊಡೆದ ಹಾಗೆ ಏನಾದರೂ ಹೇಳಬೇಕೆಂದುಕೊಂಡವನ ಬಾಯಿಂದ ಬಂದದ್ದು, "ಹೌದು ಸಾರ್." ಸಾರ್ ಬೇರೆ ಕೇಡು. ನಾಲ್ಕು ಮನೆ ದಾಟಿದ ಮೇಲೆ ಹೇಳಬೇಕಾಗಿದ್ದ ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಅವನ ಸಿಟ್ಟಿನ ಹಣೆಬರಹವೇ ಅದು, ಬಸ್ಸು ಹೊರಟ ಮೇಲೆ ನಿಲ್ದಾಣಕ್ಕೆ ಓಡಿಬರುತ್ತದೆ.

ಓಣಿಯ ಬಾಯಲ್ಲಿ ಎರಡು ಕಬ್ಬಿಣದ ಕಂಬ, ಅವುಗಳ ತಲೆಯ ಮೇಲೆ ಅಡ್ಡಲಾಗಿ ಇನ್ನೊಂದು ಕಂಬಿ, ಅದಕ್ಕೆ ಹಳದಿ ಕಪ್ಪು ಪಟ್ಟೆ. ಭಾರಿ ವಾಹನಗಳು ಒಳಗೆ ಬರದಿರಲಿ ಎಂದು ಓಣಿಯ ಸಂಘದವರು ಹೋದ ವಾರ ನೆಡಿಸಿದ್ದು. ಓಣಿಯಲ್ಲಿದ್ದ ಭಾರಿ ವಾಹನ ಒಂದೇ, ಅದು ಅವನದು. ಅಂಗಡಿಗಳಿಗೆ, ಹೊಸ ಕಟ್ಟಡಗಳಿಗೆ ಗಾಜು ಸಾಗಿಸುವ ಪಿಕಪ್ ಟ್ರಕ್ಕು. ಹಿಂದೆ ಗಾಜಿನ ಹಲಗೆಗಳನ್ನು ಒರಗಿಸಿ ನಿಲ್ಲಿಸಲು ಗುಡಾರದ ಆಕಾರದ ಕಬ್ಬಿಣದ ಚೌಕಟ್ಟು. ಆ ಚೌಕಟ್ಟಿನ ನೆತ್ತಿ ಅಡ್ಡಕಂಬಿಗಿಂತ ನಾಲ್ಕು ಬೆರಳು ಮೇಲೆ. ನಾಲ್ಕೇ ಬೆರಳು. ಒಂದು ಮೊಳವಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ, ದೊಡ್ಡ ಗೋಡೆಯ ಮುಂದೆ ನಿಂತವನಿಗೆ ಅವಮಾನವಾಗುವುದಿಲ್ಲ. ಚೌಕಟ್ಟನ್ನೇ ಕತ್ತರಿಸಿ ಗಿಡ್ಡ ಮಾಡಿಸಿ ಎಂದು ಹೆಂಡತಿ ಹೇಳಿದ್ದಳು, ಅಂಗಿಯ ತೋಳು ಮಡಿಸಿದಷ್ಟು ಸುಲಭ ಎಂಬಂತೆ. ಚೌಕಟ್ಟು ಗಿಡ್ಡವಾದರೆ ಅಂಗಡಿ ಮುಂಗಟ್ಟಿನ ಆಳೆತ್ತರದ ಗಾಜು ಯಾವುದಕ್ಕೆ ಒರಗಬೇಕು? ನಿನ್ನ ಹೆಗಲಿಗಾ? ಎಂದು ಕೇಳಿದ್ದ. ಅವಳು ಒಳಗೆ ಹೋಗಿದ್ದಳು. ಆ ಓಣಿಯಲ್ಲಿ ಅವನು ದನಿಯೆತ್ತಿ ಮಾತಾಡಬಲ್ಲವಳು ಅವಳೊಬ್ಬಳೇ ಎಂಬುದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಗಾಡಿ ದೊಡ್ಡ ರಸ್ತೆಯಲ್ಲಿ ಬಣ್ಣದ ಅಂಗಡಿಯ ಮುಂದೆ ಇತ್ತು. ಅಂಗಡಿಯವನು ಆಗಲೇ ಶಟರ್ ಎತ್ತಿ ಕುರ್ಚಿ ಹೊರಗೆ ಹಾಕಿದ್ದ. "ನಾನು ಬಾಗಿಲು ತೆಗೆಯೋ ಹೊತ್ತಿಗೆ ಜಾಗ ಖಾಲಿ ಆಗಿರ್ಬೇಕು ಅಂದಿದ್ನಲ್ಲ. ಗಿರಾಕಿಗೆ ಬೋರ್ಡು ಕಾಣೋದು ಬೇಡ್ವಾ?" ಎಂದ, ಮುಖ ನೋಡದೆ. ಇವನು ಗಾಡಿಯ ಮೂತಿಯ ಮೇಲೆ ಎರಡೂ ಅಂಗೈಯೂರಿ ಒತ್ತಿ ಬಿಟ್ಟ. ಗಾಡಿ ಕೆಳಗೆ ಹೋಯಿತು, ಮೇಲೆ ಬಂತು, ಮತ್ತೆ ಹೋಯಿತು, ಮತ್ತೆ ಬಂತು, ನಿಲ್ಲುವ ಮಾತೇ ಇಲ್ಲ. ತಲೆಯಾಡಿಸುವ ಮುದುಕನ ಹಾಗೆ. ಶಾಕ್ ಅಬ್ಸಾರ್ಬರುಗಳು ಸತ್ತು ಯಾವ ಕಾಲವಾಯಿತೋ. ಹಿಂದಿನ ಎರಡರಿಂದ ಎಣ್ಣೆ ಸೋರಿ ಮಣ್ಣು ಮೆತ್ತಿಕೊಂಡಿತ್ತು. ಖಾಲಿ ಗಾಡಿ ಸಣ್ಣ ಗುಂಡಿಗೆ ಇಳಿದರೂ ಚೌಕಟ್ಟು ಗಡಗಡನೆ ಬಡಿದುಕೊಳ್ಳುತ್ತಿತ್ತು. ಈಚೆಗೆ ಬಟ್ಟೆ ಅಂಗಡಿಯೊಂದಕ್ಕೆ ಒಯ್ಯುತ್ತಿದ್ದ ಗಾಜು ರಸ್ತೆಯ ಹಂಪಿನ ಮೇಲೆ ಟಣ್ ಎಂದಿತ್ತು. ಇಳಿಸಿ ನೋಡಿದರೆ ಮೂಲೆಯಿಂದ ನಡುವಿನತನಕ ಕೂದಲೆಳೆಯಂಥ ಬಿರುಕು. ಅಂಗಡಿಯ ಒಡತಿ ಅದರ ಮೇಲೆ ಉಗುರೆಳೆದು, "ಇದೇನು, ಡಿಸೈನಾ?" ಎಂದು ಕೇಳಿದ್ದಳು, ಅವಳ ಕೆಲಸದವರೆಲ್ಲ ನಕ್ಕಿದ್ದರು. ಅವನೂ ನಕ್ಕಿದ್ದ. ತಾನೂ ನಕ್ಕೆನಲ್ಲ ಎಂಬುದು ಬಿರುಕಿಗಿಂತ ಹೆಚ್ಚು ಕೊರೆಯುತ್ತಿತ್ತು.

ಮೆಕ್ಯಾನಿಕ್ಕಿನ ಶೆಡ್ಡಿನ ಕಡೆ ಗಾಡಿ ತಿರುಗಿಸುವಾಗ ಅವನ ತಲೆಯಲ್ಲಿ ಎಲ್ಲ ತೀರ್ಮಾನವಾಗಿತ್ತು. ಶಾಕ್ ಹೇಗೂ ಬದಲಾಯಿಸಬೇಕು. ಬದಲಾಯಿಸುವಾಗ ಗಿಡ್ಡದ್ದು ಹಾಕಿಸಿಬಿಟ್ಟರೆ ಗಾಡಿ ಕೆಳಗಿಳಿಯುತ್ತದೆ. ಇಳಿದರೆ ಕಂಬಿಯ ಕೆಳಗೆ ತೂರುತ್ತದೆ. ಇವತ್ತು ಸಂಜೆ, ಎಲ್ಲರೂ ಗೇಟಿನಲ್ಲಿ ನಿಂತು ಹರಟುವ ಹೊತ್ತಿಗೆ, ಹಾರನ್ ಒತ್ತಿಕೊಂಡು ಓಣಿಯೊಳಗೆ ಹೋಗುತ್ತೇನೆ. ಬ್ಯಾಂಕಿನವರ ಮೊಣಕೈ ಗೇಟಿನಿಂದ ಜಾರಬೇಕು. ಕುಂಡಗಳನ್ನು ಅತ್ತಿಗೆಯೇ ಬಂದು ಎತ್ತಿಕೊಳ್ಳಲಿ. ಅಣ್ಣ ಕಿಟಕಿ ತೆರೆದು ನೋಡಲಿ. ಅಣ್ಣ ಎಂದ ಕೂಡಲೇ ಆ ಅಳತೆಯ ದಿನ ನೆನಪಾಯಿತು. ಮಳೆ ನಿಂತ ಒಂದು ಬೆಳಿಗ್ಗೆ ಅಣ್ಣ ಶಾಲೆಗೆ ಹೊರಟವನು ಅಳತೆಪಟ್ಟಿ ಹಿಡಿದು ಬಂದಿದ್ದ. ಲೆಕ್ಕದ ಮೇಷ್ಟ್ರು, ಅಳತೆಪಟ್ಟಿ ಅವನ ಕೈಯಲ್ಲಿದ್ದರೆ ಯಾರಿಗೆ ಅನುಮಾನ? "ಈ ತುದಿ ಚೌಕಟ್ಟಿನ ತಲೆ ಮೇಲೆ ಇಟ್ಟು ಹಿಡ್ಕೋ," ಎಂದಿದ್ದ. ಇವನು ಗಾಡಿಯ ಮೇಲೆ ಹತ್ತಿ ತುದಿ ಹಿಡಿದಿದ್ದ. ಅಲುಗಾಡಿಸಬೇಡ ಎಂದರೆ ಉಸಿರು ಬಿಗಿಹಿಡಿದು ನಿಂತಿದ್ದ. ಗಾಡಿ ನೆನೆಯದ ಹಾಗೆ ಒಂದು ಚಪ್ಪರ ಹಾಕಿಸುತ್ತಾನೇನೋ, ಹೇಳದೆ ಆಶ್ಚರ್ಯಪಡಿಸಬೇಕೆಂದಿದ್ದಾನೇನೋ ಎಂದು ಒಳಗೊಳಗೇ ಹಿಗ್ಗಿದ್ದ ಬೇರೆ! ಹೆಂಡತಿಗೆ ಹೇಳಿಯೂ ಇದ್ದ, ನೋಡ್ತಿರು, ಅಣ್ಣ ಏನೋ ಮಾಡ್ತಾನೆ ಅಂತ. ಮಾಡಿದ. ಸಂಘದ ಸಭೆಗೆ, "ನಿನಗೆ ಕೆಲಸ ಇದೆಯಲ್ಲ, ನಾನು ಹೋಗಿ ಬರ್ತೀನಿ" ಎಂದು ತಾನೇ ಹೋಗಿ ಕಂಬಿ ಬೇಕೆಂದು ಕೈಯೆತ್ತಿ ಬಂದ. ತನ್ನ ಕತ್ತಿಗೆ ಹಗ್ಗದ ಅಳತೆ ತಾನೇ ಕೊಟ್ಟಂತಾಯಿತು ಎಂದು ಈ ಏಳು ದಿನದಲ್ಲಿ ಎಷ್ಟು ಸಲ ಹಲ್ಲು ಕಚ್ಚಿದ್ದನೋ. ಅಣ್ಣನ ಎದುರಿಗೆ ಮಾತ್ರ ಒಂದಕ್ಷರ ಆಡಿರಲಿಲ್ಲ. ಮೆಟ್ಟಿಲ ಬಳಿ ಸಿಕ್ಕಾಗ ಅಣ್ಣ, "ಊಟ ಆಯ್ತೇನೋ?" ಎನ್ನುತ್ತಿದ್ದ, ಇವನು, "ಆಯ್ತು" ಎನ್ನುತ್ತಿದ್ದ.

ಮೆಕ್ಯಾನಿಕ್ ಗಾಡಿಯ ಕೆಳಗೆ ತೂರಿ, ಟಾರ್ಚು ಹಾಕಿ ನೋಡಿ, ಅಂಗಾತನೇ ಹೊರಗೆ ಜಾರಿ ಬಂದ. ದಪ್ಪ ಮೀಸೆಯ, ಯಾವಾಗಲೂ ಜಾಹೀರಾತಿನ ಹಾಗೆ ಮಾತಾಡುವ ಮನುಷ್ಯ. ಶಾಲೆಯಲ್ಲಿ ಅಣ್ಣನ ಕೈಲಿ ಲೆಕ್ಕ ಕಲಿತವನು.

"ನಾಲ್ಕಕ್ಕೆ ನಾಲ್ಕೂ ಹೋಗಿವೆ ಯಜಮಾನ್ರೇ. ಇದನ್ನ ಹಾಕ್ಕೊಂಡು ಗಾಜು ಹೊಡೀತಿದ್ರಾ? ನಿಮ್ಮ ಧೈರ್ಯಕ್ಕೆ ಕೈ ಮುಗೀಬೇಕು."

"ಗಿಡ್ಡ ಶಾಕ್ ಹಾಕು. ಗಾಡಿ ಕೆಳಗಿಳೀಬೇಕು. ನಾಲ್ಕು ಬೆರಳು, ಮೇಲೆ ಒಂಚೂರು."

ಮೆಕ್ಯಾನಿಕ್ ನಕ್ಕ. "ಶಾಕ್ ಗಿಡ್ಡ ಆದ್ರೆ ಗಾಡಿ ಗಿಡ್ಡ ಆಗಲ್ಲ. ಭಾರ ಹೊರೋದು ಸ್ಪ್ರಿಂಗು, ಶಾಕ್ ಕೆಲಸ ಕುಣಿತ ನಿಲ್ಸೋದು ಅಷ್ಟೇ. ಇಳಿಸ್ಬೇಕು ಅಂದ್ರೆ ಮುಂದಕ್ಕೆ ಗಿಡ್ಡ ಸ್ಪ್ರಿಂಗು, ಹಿಂದಕ್ಕೆ ಬಾಗು ಕಮ್ಮಿ ಇರೋ ಸ್ಪ್ರಿಂಗ್ ಪಟ್ಟಿ, ಆಮೇಲೆ ಅವಕ್ಕೆ ಹೊಂದೋ ಶಾಕು. ಉದ್ದದ ಶಾಕನ್ನೇ ಬಿಟ್ರೆ ತಳ ಹೊಡೆದು ಹೊಡೆದು ಬೇಗ ಒಡೆದೇ ಹೋಗುತ್ತೆ."

ಇಪ್ಪತ್ತು ವರ್ಷದಿಂದ ಗಾಡಿ ಓಡಿಸುವವನಿಗೆ ಇಷ್ಟು ತಿಳಿದಿರಬೇಕಿತ್ತು. ಕಿವಿ ಬಿಸಿಯಾಯಿತು. "ಏನೇನು ಬೇಕೋ ಅದೆಲ್ಲ ಹಾಕು. ಪಾಠ ಬೇಡ."

"ಪಾಠ ಅಲ್ಲ, ಹೇಳೋದು ನನ್ನ ಧರ್ಮ. ಇಳಿಸಿದ ಗಾಡಿಗೆ ಆಡೋಕೆ ಜಾಗ ಇರಲ್ಲ. ಅದಕ್ಕೇ ಸ್ಪ್ರಿಂಗು ಗಟ್ಟಿ ಇರ್ಬೇಕು, ಇಲ್ಲಾಂದ್ರೆ ಹಂಪು ಬಂದಾಗೆಲ್ಲ ಆಕ್ಸಲ್ ಹೋಗಿ ಚಾಸಿಗೆ ಬಡಿಯುತ್ತೆ. ಗಟ್ಟಿ ಸ್ಪ್ರಿಂಗಲ್ಲಿ ಒಂದೊಂದು ಕಲ್ಲೂ ಗೊತ್ತಾಗುತ್ತೆ. ಸಿಮೆಂಟು, ಕಬ್ಬಿಣ ಹೊರೋರಾದ್ರೆ ನಾನು ಬಾಯೇ ಬಿಡ್ತಿರ್ಲಿಲ್ಲ. ಗಾಜು..." ಎಂದು ಅಂಗೈಯನ್ನು ಗಾಳಿಯಲ್ಲಿ ತಟತಟ ಅಲುಗಿಸಿ ತೋರಿಸಿದ.

ಶೆಡ್ಡಿನ ಗೋಡೆಗೆ ಒರಗಿಸಿ ಎರಡು ಸೆಟ್ಟು ಇಟ್ಟಿದ್ದ. ಒಂದು ಕಂಪನಿ ಎತ್ತರದ್ದು, ಬಿಲ್ಲಿನಂತೆ ಬಾಗಿದ ಪಟ್ಟಿ, ಉದ್ದನೆಯ ಕಪ್ಪು ಶಾಕು. ಇನ್ನೊಂದರ ಪಟ್ಟಿ ಚಪ್ಪಟೆ, ಸ್ಪ್ರಿಂಗು ಮೊಂಡು, ಶಾಕುಗಳು ದಪ್ಪಗೆ ಕುಳ್ಳಗೆ, ಕುಸ್ತಿಯವರ ಹಾಗೆ. ಅವನಿಗೆ ಕುಳ್ಳಗಿನವು ಇಷ್ಟವಾಗಲಿಲ್ಲ. ಆದರೆ ಇಷ್ಟದ ಪ್ರಶ್ನೆ ಎಲ್ಲಿ ಬಂತು? ಗಾಜನ್ನು ಹುಲ್ಲಿನ ಮೇಲೆ ನಿಲ್ಲಿಸುತ್ತೇನೆ, ಎರಡು ಪದರ ರಬ್ಬರು ಹಾಕುತ್ತೇನೆ, ಆಮೆಯ ಹಾಗೆ ಓಡಿಸುತ್ತೇನೆ. ಒಡೆದರೆ ಒಡೆಯಲಿ. ಒಂದು ಸಲ ಓಣಿಯೊಳಗೆ ಗಾಡಿ ಹೋಗಬೇಕು. "ಇದನ್ನೇ ಹಾಕು," ಎಂದು ಕುಳ್ಳಗಿನವನ್ನು ತೋರಿಸಿದ.

ಗಾಡಿ ಜಾಕಿಯ ಮೇಲೇರಿತು. ಅವನು ಹಳೆಯ ಟೈರಿನ ಮೇಲೆ ಕೂತು ಹಳೆಯ ಶಾಕುಗಳು ಒಂದೊಂದಾಗಿ ಕಳಚಿ ಬೀಳುವುದನ್ನು ನೋಡಿದ. ಒಂದನ್ನು ಎತ್ತಿ ಎಳೆದ, ಒತ್ತಿದ. ಒಳಗೆ ಯಾವ ಪ್ರತಿರೋಧವೂ ಇರಲಿಲ್ಲ, ಬರೀ ಕೊಳವೆ. ತನ್ನ ತಪ್ಪಿಲ್ಲದೆ ಓಣಿಯವರು ಹೀಗೆ ಮಾಡಿದರೇ? ಈ ಪ್ರಶ್ನೆ ಬರಬಾರದಿತ್ತು, ಸಿಟ್ಟಿಗೆ ಮಧ್ಯೆ ಮಧ್ಯೆ ಬಂದು ಅಡ್ಡಗಾಲು ಹಾಕುವ ಪ್ರಶ್ನೆ. ಹೋದ ವರ್ಷ ಓಣಿಯಲ್ಲೇ ಒಂದು ಗಾಜು ಇಳಿಸುವಾಗ ಕೈತಪ್ಪಿ ಬಿದ್ದಿತ್ತು. ಗುಡಿಸಿದ್ದ, ನೀರು ಸುರಿದು ತೊಳೆದಿದ್ದ, ಮೊಣಕಾಲೂರಿ ಅಂಗೈಯಾಡಿಸಿ ನೋಡಿದ್ದ. ಆದರೂ ಯಾವುದೋ ಸಂದಿಯಲ್ಲಿ ಉಳಿದಿದ್ದ ಚೂರು ಎದುರುಮನೆಯ ಹುಡುಗಿಯ ಹಿಮ್ಮಡಿಗೆ ಹೊಕ್ಕಿತ್ತು. ಅವಳ ತಾಯಿ ಬೈದಿದ್ದರೆ ಚೆನ್ನಾಗಿತ್ತು. ಅವಳು ಮಗುವನ್ನೆತ್ತಿಕೊಂಡು ಅವನನ್ನು ಒಂದು ಸಲ ನೋಡಿ ಬಾಗಿಲು ಹಾಕಿಕೊಂಡಿದ್ದಳು. ಬೆಳಗಿನ ಜಾವ ಗಾಡಿ ಹೊರಡಿಸುವಾಗಲೂ ಅಷ್ಟೇ, ಸದ್ದು ಓಣಿಯ ಈ ತುದಿಯಿಂದ ಆ ತುದಿಗೆ ಹೋಗುತ್ತದೆಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಲ್ಲರೂ ಮಲಗಿರುವಾಗ ತಾನೊಬ್ಬ ದುಡಿಯಲು ಹೊರಟಿದ್ದೇನೆಂದು ಎಲ್ಲರಿಗೂ ತಿಳಿಯಲಿ ಎಂಬ ಸಣ್ಣ ಖುಷಿಯೂ ಇತ್ತು. ಛೇ, ಇದ್ದರೇನು? ಬಂದು ಹೇಳಬಹುದಿತ್ತಲ್ಲ, ಬಾಯಿ ಬಿದ್ದುಹೋಗಿತ್ತೇ? ಈಗ ಮತ್ತೆ ಸಿಟ್ಟು ಸರಿಯಾಗಿ ಹೊತ್ತಿಕೊಂಡಿತು, ಸಮಾಧಾನವಾಯಿತು.

ಮುಂದಿನ ಎರಡು ಸ್ಪ್ರಿಂಗು ಕೂತ ಮೇಲೆ, ಸುಮ್ಮನೆ ಮಾತಿಗೆಂದು, "ಇಳಿಸೋ ಸೆಟ್ಟು ಇಲ್ಲೇ ಸಿಕ್ತಲ್ಲ, ನಾನು ಆರ್ಡರ್ ಕೊಟ್ಟು ಕಾಯ್ಬೇಕೇನೋ ಅಂದ್ಕೊಂಡಿದ್ದೆ," ಎಂದ.

"ಕಾಯ್ಲೇಬೇಕಿತ್ತು. ಮೇಷ್ಟ್ರು ಮೊದಲೇ ಹೇಳಿದ್ರಲ್ಲ, ತರಿಸಿಟ್ಟಿದ್ದೆ."

"ಯಾವ ಮೇಷ್ಟ್ರು?"

ಮೆಕ್ಯಾನಿಕ್ ಸ್ಪ್ಯಾನರ್ ನಿಲ್ಲಿಸಿದ. "ನಿಮ್ಮಣ್ಣ. ಹೇಳಿಲ್ವಾ ನಿಮಗೆ? ಮಳೆಗಾಲದಲ್ಲೇ ಬಂದಿದ್ರು. ನನ್ನ ತಮ್ಮನ ಗಾಡಿ ಎಷ್ಟು ಇಳಿಸ್ಬಹುದು, ಜಾಸ್ತಿ ಅಂದ್ರೆ ಎಷ್ಟು, ಅಂತ ಕೇಳಿದ್ರು. ಐದು ಬೆರಳು ಇಳಿಯುತ್ತೆ, ಅದಕ್ಕಿಂತ ಜಾಸ್ತಿ ಆದ್ರೆ ಅಪಾಯ ಅಂದೆ. ಕೂತ್ಕೊಂಡು ಲೆಕ್ಕ ಹಾಕಿದ್ರು. ಅವನು ಇವತ್ತಲ್ಲ ನಾಳೆ ಬಂದೇ ಬರ್ತಾನೆ, ಸೆಟ್ ತರಿಸಿಟ್ಟಿರು ಅಂದ್ರು. ಸಂಘದವರು ಕಂಬಿ ಇನ್ನೂ ಕೆಳಗೆ ಹಾಕ್ಬೇಕು ಅಂತಿದ್ರಂತೆ. ಮೇಷ್ಟ್ರೇ ಹಟ ಹಿಡಿದು ಅಷ್ಟಕ್ಕೆ ನಿಲ್ಲಿಸಿದ್ರಂತೆ. ಎಲ್ಲಾ ನಿಮ್ಮ ಸಲುವಾಗೇ. ಅಂಥ ಅಣ್ಣ ಸಿಗೋಕೆ ಪುಣ್ಯ ಮಾಡಿರ್ಬೇಕು ಬಿಡಿ."

ಐದು ಇಳಿಯುತ್ತದೆ, ಅದಕ್ಕೇ ಚೌಕಟ್ಟಿಗಿಂತ ನಾಲ್ಕು ಬೆರಳು ಕೆಳಗೆ ಕಂಬಿ. ಒಂದು ಬೆರಳು ಸಡಿಲ ಬಿಟ್ಟಿದ್ದಾನೆ ಅಣ್ಣ, ದರ್ಜಿ ಬೆಳೆಯುವ ಹುಡುಗನ ಅಂಗಿಗೆ ಬಿಡುವ ಹಾಗೆ. ಅವನು ಟೈರಿನ ಮೇಲಿಂದ ಎದ್ದು ನಿಂತ, ಮತ್ತೆ ಕೂತ. ಅಣ್ಣ ತನಗೆ ದ್ರೋಹ ಮಾಡಿದ ಎಂದುಕೊಂಡು ಒಂದು ವಾರ ಸಿಟ್ಟನ್ನು ಅನ್ನದ ಹಾಗೆ ಉಂಡಿದ್ದ. ಈಗ ಆ ತಟ್ಟೆಯನ್ನೂ ಅಣ್ಣನೇ ಬಡಿಸಿದ್ದು ಎಂದಾಯಿತು. ಇವತ್ತು ಬೆಳಿಗ್ಗೆ ತಾನೇ ಯೋಚಿಸಿ, ತಾನೇ ಹಟಕ್ಕೆ ಬಿದ್ದು ಮಾಡಿದ ತೀರ್ಮಾನ ಎಂದುಕೊಂಡದ್ದು ಮಳೆಗಾಲದಲ್ಲೇ ಆಗಿಹೋಗಿತ್ತು. ಬಂದೇ ಬರುತ್ತಾನಂತೆ. ಸಂಜೆ ಹಾರನ್ ಒತ್ತಿಕೊಂಡು ಒಳಗೆ ಹೋದರೆ ಅಣ್ಣ ಕಿಟಕಿಯಿಂದ ನೋಡಿ ಬೆಚ್ಚುವುದಿಲ್ಲ, ಮುಗುಳ್ನಗುತ್ತಾನೆ. ಲೆಕ್ಕ ತಾಳೆಯಾದಾಗ ನಗುವ ನಗು. ಓಣಿಯವರಿಗೆ ಹೇಳುತ್ತಾನೆ, ನಾನು ಹೇಳಿರಲಿಲ್ಲವಾ, ನನ್ನ ತಮ್ಮ ಹೊಂದಿಕೊಂಡು ಹೋಗುವವನು. ಒಂಬತ್ತನೇ ತರಗತಿಯಲ್ಲಿ ಲೆಕ್ಕದಲ್ಲಿ ನಪಾಸಾಗಿ ಬಂದ ದಿನ ಅಪ್ಪ ಬೆಲ್ಟು ತೆಗೆದಿದ್ದರು, ಅಣ್ಣ ಅಡ್ಡ ನಿಂತು, "ಇವನಿಗೆ ಓದು ಹತ್ತಲ್ಲ ಅಪ್ಪ, ಹೊಡೆದು ಏನು ಪ್ರಯೋಜನ, ನಾನು ಗಾಜಿನ ಅಂಗಡಿಯವರ ಹತ್ರ ಮಾತಾಡಿದ್ದೀನಿ," ಎಂದಿದ್ದ. ಮಾತಾಡಿ ಆಗಿತ್ತು. ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಸಿ ತಾನೇ ಕೈಹಿಡಿದು ಕರೆದುಕೊಂಡು ಹೋಗಿ ಬಿಟ್ಟು ಬಂದಿದ್ದ. ಗಾಜಿನ ಮೇಲೆ ವಜ್ರದ ಮೊನೆ ಕಿರ್ರೆಂದು ಓಡಿದಾಗ, ಬೆರಳಿಂದ ತಟ್ಟಿದರೆ ಹಲಗೆ ಗೆರೆಯುದ್ದಕ್ಕೂ ಸೀಳಿಕೊಂಡಾಗ, ಇದು ನನ್ನ ಕೆಲಸ ಎಂದು ಅವನಿಗೆ ಅನ್ನಿಸಿತ್ತು ನಿಜ. ಅಣ್ಣ ಮಾಡಿದ್ದೆಲ್ಲ ಸರಿಯಾಗಿಯೇ ಇರುತ್ತದೆ. ಅದೇ ಸಂಕಟ. ತಪ್ಪು ಮಾಡುವ ಅಣ್ಣನಿದ್ದಿದ್ದರೆ ಒಂದು ಸಲವಾದರೂ ಕುತ್ತಿಗೆಪಟ್ಟಿ ಹಿಡಿಯಬಹುದಿತ್ತು.

ಜೇಬಿನಲ್ಲಿ ಫೋನು ಅದುರಿತು. ಹೆಂಡತಿ. "ಗಾಡಿ ಏನಾಯ್ತು? ಇಳಿಸ್ತಿದ್ದಾರಂತಾ? ಭಾವ ಈಗ ಶಾಲೆಯಿಂದಲೇ ಫೋನ್ ಮಾಡಿ ಕೇಳಿದ್ರು, ಶೆಡ್ಡಿನವನು ಅವರಿಗೆ ತಿಳಿಸಿದ್ನಂತೆ."

"ಅವನ್ಯಾಕೆ ನಿನ್ನ ಕೇಳ್ತಾನೆ?"

"ನಿಮ್ಮನ್ನ ಕೇಳೋಕೆ ಅವರಿಗೆ ಭಯ. ನೋಡಿ, ತಗ್ಗಿಸೋದಾದ್ರೆ ತಗ್ಗಿಸಿಬಿಡಿ. ಅಷ್ಟಕ್ಕೆ ಯಾರ ಮಾನ ಹೋಗಲ್ಲ. ಸ್ವಲ್ಪ ಬಗ್ಗಿದ್ರೆ ಗಂಟೇನು ಹೋಗುತ್ತೆ?"

"ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ," ಎಂದು ಫೋನು ಕತ್ತರಿಸಿದ. ಅಣ್ಣನಿಗೆ ನನ್ನ ಭಯವಂತೆ! ಎಷ್ಟು ಚೆನ್ನಾದ ಭಯ. ಹೆದರಿಕೊಂಡೇ ನನ್ನ ಗಾಡಿಯ, ನನ್ನ ಹೊಟ್ಟೆಪಾಡಿನ, ನನ್ನ ಮುಂದಿನ ಹತ್ತು ವರ್ಷದ ಎತ್ತರ ನಿರ್ಧರಿಸಿಬಿಟ್ಟಿದ್ದಾನೆ. ಗಾಜಿಗೆ ಏನಾಗುತ್ತದೆಂದು ಆ ಲೆಕ್ಕದಲ್ಲಿ ಇತ್ತೇ? ಮೇಷ್ಟ್ರಿಗೆ ಎತ್ತರ ಗೊತ್ತು. ಹಂಪಿನ ಮೇಲೆ ಗಾಜು ಟಣ್ ಎಂದಾಗ ಬೆನ್ನುಹುರಿಯಲ್ಲಿ ಹರಿಯುವುದು ಅವನಿಗೆ ಗೊತ್ತಿಲ್ಲ.

"ತೆಗಿ," ಎಂದ.

"ಏನನ್ನ?"

"ಹಾಕಿದ್ದನ್ನ. ಎಲ್ಲಾ ತೆಗಿ. ಕಂಪನಿ ಎತ್ತರದ್ದೇ ಹಾಕು."

ಮೆಕ್ಯಾನಿಕ್ ಕೈಯೊರೆಸಿಕೊಂಡು ಅವನ ಮುಖ ನೋಡಿದ. "ಯಜಮಾನ್ರೇ, ಯೋಚನೆ ಮಾಡಿ. ನಿಮ್ಮ ಹಳೇ ಪಟ್ಟಿ ಜೋತುಬಿದ್ದಿತ್ತು. ಹೊಸದು ಹಾಕಿದ್ರೆ ಇನ್ನೂ ಎರಡು ಬೆರಳು ಮೇಲೇಳುತ್ತೆ. ನಾಲ್ಕಿದ್ದಿದ್ದು ಆರಾಗುತ್ತೆ."

"ಆಗ್ಲಿ."

"ಮೇಷ್ಟ್ರಿಗೆ ಏನು ಹೇಳ್ಲಿ ನಾನು?"

"ಗಾಡಿ ಮೇಷ್ಟ್ರದ್ದಾ ನಂದಾ?" ಅವನ ದನಿ ತಗಡಿನ ಮಾಡಿಗೆ ಬಡಿದು ವಾಪಸ್ಸು ಬಂತು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು. ಮೆಕ್ಯಾನಿಕ್ ಮತ್ತೆ ಗಾಡಿಯ ಕೆಳಗೆ ಜಾರಿದ.

ಸಂಜೆ ಬಿಸಿಲು ಇನ್ನೂ ಇತ್ತು. ಹೊಸ ಶಾಕಿನ ಗಾಡಿ ಅವನಿಗೆ ಅಪರಿಚಿತವಾಗಿತ್ತು. ಗುಂಡಿ ಬಂದಾಗ ಹಲ್ಲು ಕಚ್ಚಿ ಕಾದರೆ ಏನೂ ಆಗುತ್ತಿರಲಿಲ್ಲ, ಗಾಡಿ ಒಮ್ಮೆ ತಗ್ಗಿ ಒಮ್ಮೆ ಎದ್ದು ಸುಮ್ಮನಾಗುತ್ತಿತ್ತು. ಸೀಟೂ ಎತ್ತರವಾಗಿತ್ತು, ಮುಂದಿನ ಕಾರುಗಳ ಮಾಡು ಕಾಣುತ್ತಿತ್ತು. ಬಣ್ಣದ ಅಂಗಡಿಯ ಮುಂದೆ ನಿಲ್ಲಿಸಲಿಲ್ಲ. ನೇರ ಹೋಗಿ ಅಡ್ಡಕಂಬಿಯ ಮುಂದೆ, ಗಾಡಿಯ ಮೂತಿ ಅದರ ಕೆಳಗೆ ಇರುವ ಹಾಗೆ, ಓಣಿಯ ಬಾಯಿಗೆ ಬಿರಡೆಯಿಟ್ಟಂತೆ ನಿಲ್ಲಿಸಿದ. ಹಾರನ್ ಒತ್ತಿದ. ಒತ್ತಿಯೇ ಇದ್ದ. ಗೇಟುಗಳು ತೆರೆದವು. ಬ್ಯಾಂಕಿನವರು ಪತ್ರಿಕೆ ಹಿಡಿದುಕೊಂಡೇ ಬಂದರು. ಕೊನೆಗೆ ಅಣ್ಣ, ಶಾಲೆಯಿಂದ ಬಂದು ಅರ್ಧ ಬಟ್ಟೆ ಬದಲಾಯಿಸಿದ್ದವನು, ಇಸ್ತ್ರಿಯ ಪ್ಯಾಂಟಿನ ಮೇಲೆ ಬನಿಯನ್ ಹಾಕಿಕೊಂಡು ಓಡಿಬಂದ. ಅವನ ಕಣ್ಣು ಮೊದಲು ಹೋದದ್ದು ತಮ್ಮನ ಕಡೆಗಲ್ಲ, ಚೌಕಟ್ಟಿನ ನೆತ್ತಿಯ ಕಡೆಗೆ, ಅಲ್ಲಿಂದ ಕಂಬಿಗೆ.

"ಇದೇನೋ ಇದು? ಇನ್ನೂ ಮೇಲೆ ಹೋಗಿದೆಯಲ್ಲೋ! ಅವನಿಗೆ ನಾನು ಸರಿಯಾಗಿ ಹೇಳಿದ್ದೆ..."

"ನನಗೆ ಹೇಳಿದ್ಯಾ?" ಅವನು ಇಳಿದು ಬಂದ. "ಅವನಿಗೆ ಹೇಳ್ದೆ, ಸಂಘಕ್ಕೆ ಹೇಳ್ದೆ, ನನ್ನ ಹೆಂಡ್ತಿಗೆ ಫೋನ್ ಮಾಡಿ ಹೇಳ್ದೆ. ನನಗೆ? ನನ್ನ ಕೈಲಿ ಟೇಪು ಹಿಡಿಸ್ದೆಯಲ್ಲೋ!"

ಹೋಗೋ ಬಾರೋ ಎಂದು ಅಣ್ಣನನ್ನು ಅವನು ಚಿಕ್ಕಂದಿನಿಂದಲೂ ಕರೆಯುತ್ತಿರಲಿಲ್ಲ. ಅಣ್ಣನಿಗೆ ಅದು ತಟ್ಟಿತು. ಸುತ್ತ ನೋಡಿ ದನಿ ತಗ್ಗಿಸಿ, "ಮನೆಗೆ ಬಾ, ಮಾತಾಡೋಣ. ನಾಲ್ಕು ಜನ ನೋಡ್ತಿದ್ದಾರೆ," ಎಂದ.

"ನೋಡ್ಲಿ. ಯಾಕೆ ಕೇಳ್ಲಿಲ್ಲ ನನ್ನ?"

"ಕೇಳಿದ್ರೆ ನೀನು ಜಗಳಕ್ಕೆ ಬೀಳ್ತಿದ್ದೆ."

"ಬೀಳ್ತಿದ್ದೆ! ಜಗಳ ಆಡೋಕಾದ್ರೂ ಬಿಡ್ಬೇಕಾಗಿತ್ತು ನನ್ನ!"

ಬ್ಯಾಂಕಿನವರು, "ಆಯ್ತು ಬಿಡಿ, ಮೇಷ್ಟ್ರು ಪಾಪ ನಿಮ್ಮ ಪರವಾಗೇ ಸಭೇಲಿ..." ಎಂದು ಶುರುಮಾಡಿದರು. ಇವನು ಅವರ ಕಡೆ ತಿರುಗಿ, ಬೆಳಗಿನಿಂದ ನಾಲಿಗೆಯ ಮೇಲಿದ್ದುದನ್ನು ಕೊನೆಗೂ ಉಗುಳಿದ: "ಸಾರ್, ನೀವು ವಾಕಿಂಗ್ ಹೋಗಿ." ಯಾರೋ ಕಿಸಕ್ಕನೆ ನಕ್ಕರು. "ಎಲ್ಲಾ ಸೇರಿ ನನ್ನ ಹೊರಗೆ ಹಾಕಿದ್ರಿ. ನಮ್ಮಪ್ಪ ಕಟ್ಟಿದ ಮನೆಗೆ ನಾನು ಕಳ್ಳನ ಹಾಗೆ ನಡ್ಕೊಂಡು ಬರ್ಬೇಕು. ಸಂಘವಂತೆ ಸಂಘ! ಎದುರಿಗೆ ಬಂದು ಹೇಳೋ ಗಂಡಸು ಒಬ್ಬನಿಲ್ಲ ಈ ಸಂಘದಲ್ಲಿ..."

"ಸಂಘ ಅಲ್ಲ ಕಣೋ!" ಅಣ್ಣ ಕೂಗಿದ. ಪಾಠ ಹೇಳಿ ಹೇಳಿ ಸವೆದ ಗಂಟಲು ಆ ಎತ್ತರಕ್ಕೆ ಹೋಗಿ ಅಲ್ಲೇ ಒಡೆಯಿತು. "ನಾನೇ! ಕಂಬಿ ಹಾಕಿಸೋಣ ಅಂತ ಮೊದಲು ಬಾಯಿ ಬಿಟ್ಟೋನು ನಾನೇ! ಇವರಿಗೆ ಯಾರಿಗೂ ಅಷ್ಟು ತೊಂದರೆ ಇರ್ಲಿಲ್ಲ. ದಿನಾ ಬೆಳಗಿನ ಜಾವ ನನ್ನ ತಲೆ ಕೆಳಗೆ ಆ ಕಬ್ಬಿಣದ ಗಡಗಡ. ಎದ್ದು ಕೂತ್ಕೋತೀನಿ, ಎದೆ ಹೊಡ್ಕೊಳ್ಳುತ್ತೆ, ಆಮೇಲೆ ರೆಪ್ಪೆ ಹತ್ತಲ್ಲ. ಕಿವಿಗೆ ಹತ್ತಿ ಇಟ್ಕೊಂಡೆ, ಕೋಣೆ ಬದಲಾಯಿಸಿ ನೋಡ್ದೆ. ವರ್ಷಗಳಾಯ್ತು ಕಣೋ ನಾನು ನೆಟ್ಟಗೆ ನಿದ್ದೆ ಮಾಡಿ! ಕ್ಲಾಸಲ್ಲಿ ಬೋರ್ಡಿನ ಮೇಲೆ ಬರೀತಾ ಬರೀತಾ ತೂಕಡಿಸ್ತೀನಿ, ಸೀಮೆಸುಣ್ಣ ಕೈಯಿಂದ ಬಿದ್ದು ಮಕ್ಕಳು ನಗ್ತಾವೆ. ಹೆಡ್ಮಾಸ್ಟ್ರು ಕರೆದು ಕುಡಿತೀರಾ ಅಂತ ಕೇಳಿದ್ರು. ನನ್ನ!"

ದೂರದಲ್ಲಿ ಅತ್ತಿಗೆ, ಅವರ ಪಕ್ಕದಲ್ಲಿ ಅವನ ಹೆಂಡತಿ; ಇಬ್ಬರಲ್ಲಿ ಯಾರೂ ಮುಂದೆ ಬರಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ?" ಎಂದ ಅವನು. ದನಿ ಇನ್ನೂ ಗಟ್ಟಿಯಾಗಿಯೇ ಇತ್ತು.

"ಯಾವ ಮುಖ ಇಟ್ಕೊಂಡು ಹೇಳ್ಲಿ? ಓದೋ ಹುಡುಗನ್ನ ಎಳ್ಕೊಂಡು ಹೋಗಿ ಆ ಗಾಜಿನ ಕೆಲಸಕ್ಕೆ ಹಾಕಿದೋನು ನಾನು. ಈಗ ಅದರ ಸದ್ದು ನನಗೆ ಆಗಲ್ಲ ಅಂತ ನಾನೇ ಹೇಳ್ಲಾ?"

ಅವನ ಒಳಗಿದ್ದ ಸಿಟ್ಟು ಹೋಗಲಿಲ್ಲ, ಹೋಗಲು ಅವನು ಬಿಡಲೂ ಇಲ್ಲ, ಆದರೆ ಅದು ಹಿಡಿದುಕೊಂಡಿದ್ದ ಗೋಡೆ ಅಲ್ಲಿರಲಿಲ್ಲ. ಬನಿಯನ್ನಿನಲ್ಲಿ ಅಣ್ಣನ ತೋಳು ಎಷ್ಟು ಸಣ್ಣಗಾಗಿತ್ತು. ಕಣ್ಣ ಕೆಳಗೆ ಕಪ್ಪು ಚೀಲಗಳು. ದಿನವೂ ಮೆಟ್ಟಿಲ ಬಳಿ ಕಾಣುತ್ತಿದ್ದವುಗಳನ್ನು ವಯಸ್ಸು ಎಂದುಕೊಂಡಿದ್ದ. ಮರುಕ ಬರುವ ಮುಂಚೆಯೇ ಇನ್ನಷ್ಟು ರೇಗಿತು, ಈಗಲೂ ಅಣ್ಣನದೇ ಸರಿಯಾಯಿತಲ್ಲ ಎಂದು. ಗಾಡಿಯ ಎಡಬಾಗಿಲನ್ನು ಧಡಾರನೆ ತೆರೆದ.

"ಹತ್ತು."

"ಎಲ್ಲಿಗೆ?"

"ಹತ್ತು ಅಂದೆ!"

ಅಣ್ಣ ಹತ್ತಿದ. ಎತ್ತರ ಎರಡು ಬೆರಳು ಹೆಚ್ಚಾಗಿತ್ತು. ಒಂದು ಸಲ ಕಾಲು ಜಾರಿ, ಹಿಡಿಕೆಗೆ ಜೋತುಬಿದ್ದು, ಎರಡನೇ ಸಲಕ್ಕೆ ಮೇಲೆ ಬಂದು ಕೂತ. ಗಾಡಿ ಹಿಂದಕ್ಕೆ ಸರಿದು ದೊಡ್ಡ ರಸ್ತೆಗೆ ತಿರುಗಿತು. ಚರಂಡಿಗೆಂದು ಅಗೆದು ಅರ್ಧಕ್ಕೆ ಬಿಟ್ಟಿದ್ದ ರಸ್ತೆಗೆ ಬೇಕೆಂದೇ ನುಗ್ಗಿಸಿದ. ಒಂದು ಹಂಪಿಗೂ ಬ್ರೇಕು ಒತ್ತಲಿಲ್ಲ. ಅಣ್ಣ ಒಂದು ಕೈಯಲ್ಲಿ ಡ್ಯಾಶ್‌ಬೋರ್ಡು, ಇನ್ನೊಂದರಲ್ಲಿ ಬಾಗಿಲು ಹಿಡಿದು, ಕಣ್ಣು ಅರ್ಧ ಮುಚ್ಚಿ ಕೂತಿದ್ದ. ಪ್ರತಿ ಗುಂಡಿಗೂ ಅವನ ಭುಜ ಮೊದಲೇ ಕಿವಿಯವರೆಗೆ ಏರುತ್ತಿತ್ತು, ಹೊಡೆತ ತಿನ್ನುವ ಹುಡುಗನ ಹಾಗೆ. ಗಾಡಿ ತಗ್ಗಿ ಎದ್ದು ಸುಮ್ಮನಾದ ಮೇಲೂ ಆ ಭುಜ ಇಳಿಯುತ್ತಿರಲಿಲ್ಲ, ಇನ್ನೂ ಬರದ ಸದ್ದಿಗಾಗಿ ಕಾಯುತ್ತಿತ್ತು. ರಸ್ತೆ ಮುಗಿಯುವಲ್ಲಿ ತಿರುಗಿಸಿ, ಅದೇ ಗುಂಡಿಗಳ ಮೇಲೆ, ಇನ್ನೂ ಜೋರಾಗಿ ವಾಪಸ್ಸು ತಂದ.

ಕಂಬಿಯ ಮುಂದೆ ನಿಂತಾಗ ಅಣ್ಣ ನಿಧಾನವಾಗಿ ಹಿಂದಿನ ಕಿಟಕಿಯಿಂದ ಖಾಲಿ ಚೌಕಟ್ಟನ್ನು ನೋಡಿದ.

"ಸದ್ದೇ ಇಲ್ವಲ್ಲೋ," ಎಂದ.

"ಇಲ್ಲ."

"ಬರೀ ಶಾಕು ಹೋಗಿದ್ದಾ? ಇಷ್ಟೇನಾ ಆಗಿದ್ದು?"

"ಇಷ್ಟೇ. ಇಳಿ."

"ಕಂಬಿ ಬೇಕಾದ್ರೆ ನಾನು ನಾಳೆ ಸಂಘದವರ ಹತ್ರ ಮಾತಾಡಿ..."

"ನೀನು ಮಾತಾಡಬೇಡ!" ಸ್ಟಿಯರಿಂಗಿಗೆ ಅಂಗೈಯಿಂದ ಹೊಡೆದ. "ನನ್ನ ಸಲುವಾಗಿ ಇನ್ನು ಯಾರ ಹತ್ರಾನೂ ಮಾತಾಡಬೇಡ ನೀನು. ನಾನಿದ್ದೀನಿ. ನನಗೆ ಬಾಯಿದೆ. ಇಳಿ ಕೆಳಗೆ."

ಅಣ್ಣ ಹಿಂದು ಮುಂದಾಗಿ ತಿರುಗಿ, ಹಿಡಿಕೆ ಹಿಡಿದು, ಒಂದು ಕಾಲನ್ನು ಹೊರಗೆ ಚಾಚಿದ. ಬರಿಗಾಲು, ಚಪ್ಪಲಿ ಹಾಕಿಕೊಳ್ಳದೆಯೇ ಓಡಿಬಂದಿದ್ದ. ಅದು ಗಾಳಿಯಲ್ಲಿ ನೆಲವನ್ನು ಹುಡುಕುತ್ತ ತಡಕಾಡಿತು. ಅವನು ಕೈ ಕೊಡಲಿಲ್ಲ. ಮುಖ ರಸ್ತೆಯ ಕಡೆಗೇ ಇತ್ತು, ಎದೆಯಲ್ಲಿ ಉಸಿರು ಇನ್ನೂ ಬಿಸಿಯಾಗಿ ಏರಿಳಿಯುತ್ತಿತ್ತು. ಬ್ರೇಕಿನ ಮೇಲೆ ಮಾತ್ರ ಕಾಲನ್ನು ಬಲವಾಗಿ ಒತ್ತಿ ಹಿಡಿದು, ಗಾಡಿ ಕೂದಲೆಳೆಯಷ್ಟೂ ಅಲುಗದ ಹಾಗೆ, ಅಣ್ಣನ ಪಾದ ನೆಲಕ್ಕೆ ತಾಗಿದ ಸದ್ದು ಕೇಳುವತನಕ ಕಾದ.